ಲಿಲಾವಿಗೆ ಬಂದ ಮನೆಯನ್ನು ಕೊಳ್ಳಬಹುದೇ?



"ಫಾದರ್, ಬ್ಯಾಂಕಿನವರು ಲಿಲಾವು ಮಾಡೋ ಮನಿ ತಗೊಂಡ್ರ ಪಾಪ ಆಗ್ತದೇನ್ರಿ?" ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ವಿಶ್ವಾಸಿಗಳಿಂದ ಈ ಪ್ರಶ್ನೆ ಈಗ ಆಗಾಗ ಕೇಳಿಬರುತ್ತದೆ. ಕೇಳುವವರು ದುರಾಸೆಯವರಲ್ಲ. ಸಿಮೆಂಟ್ ಕಾರ್ಖಾನೆಯಿಂದ ನಿವೃತ್ತರಾಗಿ ಪ್ರಾವಿಡೆಂಟ್ ಫಂಡಿನ ಹಣ ಕೈಗೆ ಬಂದವರು, ಮಗಳ ಮದುವೆಗೆ ಮೊದಲು ಸ್ವಂತ ಸೂರು ಮಾಡಿಕೊಳ್ಳಬೇಕೆನ್ನುವವರು, ಮಗ ಹೊರದೇಶದಿಂದ ಕಳಿಸಿದ ದುಡ್ಡನ್ನು ಎಲ್ಲಿಯಾದರೂ ಭದ್ರವಾಗಿ ಇಡಬೇಕೆನ್ನುವವರು. ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದ ನೋಟಿಸ್ ಕಣ್ಣಿಗೆ ಬೀಳುತ್ತದೆ. ಸಾಲಗಾರನ ಹೆಸರು, ಪ್ಲಾಟ್ ನಂಬರು, ಚಕ್ಕುಬಂದಿ, ಮೀಸಲು ಬೆಲೆ. ಬೆಲೆ ಪೇಟೆಯ ದರಕ್ಕಿಂತ ಕಡಿಮೆ ಇದೆ. ಆದರೆ ಹೆಸರು ಪರಿಚಿತವಾದದ್ದು. ಭಾನುವಾರದ ಬಲಿಪೂಜೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವವರದೇ ಇರಬಹುದು. ಆಗ ಮನಸ್ಸು ಅಳುಕುತ್ತದೆ.

ಈ ಅಳುಕು ಒಳ್ಳೆಯದೇ. ಆದರೆ ಅಳುಕಿದ ಮಾತ್ರಕ್ಕೆ ಉತ್ತರ ಸಿಕ್ಕಂತಾಗಲಿಲ್ಲ. "ಪಾಪ" ಎಂದೋ "ಪಾಪವಲ್ಲ" ಎಂದೋ ಒಂದೇ ಮಾತಿನಲ್ಲಿ ಹೇಳಿ ಕಳಿಸುವುದು ಸುಲಭ. ನಾನು ಹಾಗೆ ಹೇಳಲಾರೆ. ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು, ಮನೆ ಲಿಲಾವಿಗೆ ಬರುವುದು ಹೇಗೆ ಎಂಬುದು ಗೊತ್ತಿರಲಿ. 2002ರಲ್ಲಿ ಸಂಸತ್ತು ಮಾಡಿದ, ಸರ್ಫೇಸಿ ಎಂದು ಕರೆಯಲಾಗುವ ಕಾಯಿದೆಯ ಪ್ರಕಾರ ಬ್ಯಾಂಕುಗಳು ಅಡಮಾನದ ಮನೆಯನ್ನು ಮಾರಲು ಸಿವಿಲ್ ಕೋರ್ಟಿಗೆ ಹೋಗಿ ದಾವೆ ಹೂಡಬೇಕಾಗಿಲ್ಲ. 90 ದಿನಗಳಿಗೂ ಮೀರಿ ಕಂತು ಬಾಕಿ ಉಳಿದರೆ ಸಾಲವನ್ನು ಕೆಟ್ಟ ಸಾಲವೆಂದು ಬರೆಯುತ್ತಾರೆ. ನಂತರ 60 ದಿನಗಳ ಗಡುವು ಕೊಟ್ಟು ನೋಟಿಸ್. ಹಣ ಬಾರದಿದ್ದರೆ ಮನೆಯ ಬಾಗಿಲಿಗೆ ಸ್ವಾಧೀನದ ನೋಟಿಸ್ ಅಂಟಿಸಿ, ಪತ್ರಿಕೆಯಲ್ಲೂ ಹಾಕಿಸುತ್ತಾರೆ. ಆಮೇಲೆ ಬೆಲೆ ಕಟ್ಟಿಸಿ, 30 ದಿನಗಳ ಮುನ್ಸೂಚನೆ ಕೊಟ್ಟು ಲಿಲಾವು. ಗೆದ್ದವರು ಬೆಲೆಯ ಕಾಲುಭಾಗವನ್ನು ಕೂಡಲೇ ಕಟ್ಟಬೇಕು, ಉಳಿದದ್ದನ್ನು 15 ದಿನಗಳಲ್ಲಿ. ಈ ಕಾಯಿದೆ ಕೃಷಿಭೂಮಿಗೆ ಅನ್ವಯಿಸುವುದಿಲ್ಲ, 1 ಲಕ್ಷ ರೂಪಾಯಿ ಮೀರದ ಸಾಲಕ್ಕೂ ಅನ್ವಯಿಸುವುದಿಲ್ಲ. ಮನೆಗೆ ಮಾತ್ರ ಅಂಥ ರಕ್ಷಣೆ ಇಲ್ಲ.

ನಮ್ಮ ಊರುಗಳಲ್ಲಿ ಕಂತು ತಪ್ಪುವುದು ಹೇಗೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಗುತ್ತಿಗೆ ಕೆಲಸ ನಿಂತಿತು, ಫರ್ಸಿ ಕಲ್ಲಿನ ವ್ಯಾಪಾರ ಕುಸಿಯಿತು, ಮನೆಯಲ್ಲಿ ಒಬ್ಬರಿಗೆ ಡಯಾಲಿಸಿಸ್ ಶುರುವಾಯಿತು. 2022ರಲ್ಲಿ ತೊಗರಿಗೆ ನೆಟೆ ರೋಗ ಬಂತು, 2023ರಲ್ಲಿ ಬರ ಬಂತು. ಹೊಲವಿಲ್ಲದ ಕಿರಾಣಿ ಅಂಗಡಿಯವನೂ ಆ ಎರಡು ವರ್ಷ ಉದ್ರಿ ಕೊಟ್ಟು ಕೊಟ್ಟು ಸೋತ. ಕಾರ್ಖಾನೆ ಊರಿಗೆ ಇನ್ನೊಂದು ಕಷ್ಟವಿದೆ. 1936ರಲ್ಲಿ ಎಸಿಸಿ ಕಂಪನಿ ಕಟ್ಟಿದಾಗ ಅದರಲ್ಲಿ ಸೇರಿದವುಗಳಲ್ಲಿ ಶಹಾಬಾದ ಸಿಮೆಂಟ್ ಕಂಪನಿಯೂ ಒಂದು. ಆ ಹಳೆಯ ಕಾರ್ಖಾನೆ ಇಂದು ನಡೆಯುತ್ತಿಲ್ಲ. ಒಂದೇ ಕಾರ್ಖಾನೆಯನ್ನು ನಂಬಿದ ಊರಿನಲ್ಲಿ ಅದು ಮುಚ್ಚಿದಾಗ ಮನೆ ಮಾರಬೇಕಾದವರು ನೂರು ಜನ, ಕೊಳ್ಳುವವರು ಹತ್ತು ಜನ. ಯಾವ ಕಾರಣಕ್ಕೆ ಸಾಲ ಕಟ್ಟಲಾಗಲಿಲ್ಲವೋ ಅದೇ ಕಾರಣಕ್ಕೆ ಮನೆಯ ಬೆಲೆಯೂ ಬೀಳುತ್ತದೆ. ಅಗ್ಗದ ಮನೆಯ ಹಿಂದೆ ಬಹಳ ಸಲ ಇಂಥ ಕಥೆಯೇ ಇರುತ್ತದೆ.

ಹಾಗೆಂದು ಬ್ಯಾಂಕನ್ನು ರಾಕ್ಷಸನೆಂದು ಬಣ್ಣಿಸುವುದು ನನ್ನ ಉದ್ದೇಶವಲ್ಲ. ಬ್ಯಾಂಕು ಕೊಟ್ಟದ್ದು ಯಾರದೋ ಠೇವಣಿಯ ಹಣ. ವಿಧವೆ ತಾಯಿಯೊಬ್ಬರು ಇಟ್ಟ 2 ಲಕ್ಷವೂ ಅದರಲ್ಲಿದೆ. ಸಾಲ ಪಡೆದು ಬೇಕೆಂದೇ ಕಟ್ಟದವರೂ ಇದ್ದಾರೆ. ಅವರಿಗಾಗಿ ನಾನು ಕಣ್ಣೀರು ಸುರಿಸುವುದಿಲ್ಲ. ಮನೆ ಮಾರಾಟವಾಗದೆ ಉಳಿದರೆ ಬಡ್ಡಿ ಏರುತ್ತಲೇ ಹೋಗಿ ಸಾಲಗಾರನೇ ಇನ್ನಷ್ಟು ಮುಳುಗುತ್ತಾನೆ. ಆದ್ದರಿಂದ ಲಿಲಾವಿನಲ್ಲಿ ಕೊಳ್ಳುವುದು ತನ್ನಷ್ಟಕ್ಕೆ ಕಳ್ಳತನವಲ್ಲ. ಯಾರೋ ಒಬ್ಬರು ಕೊಳ್ಳಲೇಬೇಕು.

ಇಲ್ಲಿಗೆ ಬಂದಾಗ ಹೆಚ್ಚಿನವರು ನಿಟ್ಟುಸಿರು ಬಿಟ್ಟು ಹೀಗೆನ್ನುತ್ತಾರೆ: "ಬೆಲೆ ಕಟ್ಟಿದ್ದು ಬ್ಯಾಂಕು, ರೊಕ್ಕ ತಗೊಳ್ಳೋದು ಬ್ಯಾಂಕು. ಕಡಿಮಿಗೆ ಸಿಕ್ರ ಲುಕ್ಸಾನು ಬ್ಯಾಂಕಿಂದು. ಆ ಮನಿಯವರಿಗೂ ನನಗೂ ಏನ್ ಸಂಬಂಧ್ರಿ?" ಈ ಮಾತು ಕೇಳಲು ಸರಿಯೆನಿಸುತ್ತದೆ. ಆದರೆ ಇದು ತಪ್ಪು. ನಮ್ಮ ಪ್ರಶ್ನೆಯ ಗಂಟು ಇರುವುದೇ ಇಲ್ಲಿ.

ಒಂದು ಲೆಕ್ಕ ಹಾಕಿ ನೋಡೋಣ. ನಿಧಾನವಾಗಿ, ನಾಲ್ಕು ಜನರಿಗೆ ತೋರಿಸಿ ಮಾರಿದರೆ 18 ಲಕ್ಷ ಬಾಳುವ ಮನೆ ಎಂದಿಟ್ಟುಕೊಳ್ಳಿ. ಬಡ್ಡಿ, ಖರ್ಚು ಎಲ್ಲ ಸೇರಿ ಬ್ಯಾಂಕಿಗೆ ಬರಬೇಕಾದದ್ದು 9 ಲಕ್ಷ. ಲಿಲಾವಿನಲ್ಲಿ ನಿಮಗೆ ಅದು 13 ಲಕ್ಷಕ್ಕೆ ಸಿಕ್ಕಿತು. ಬ್ಯಾಂಕು ತನ್ನ 9 ಲಕ್ಷವನ್ನು ಪೂರ್ತಿ ತೆಗೆದುಕೊಳ್ಳುತ್ತದೆ. ಅದಕ್ಕೆ ಒಂದು ಪೈಸೆಯೂ ನಷ್ಟವಿಲ್ಲ. ಉಳಿದ 4 ಲಕ್ಷವನ್ನು ಅದೇ ಕಾಯಿದೆಯ 13(7)ನೇ ಕಲಮಿನಂತೆ ಹಕ್ಕುಳ್ಳವರಿಗೆ, ಅಂದರೆ ಬೇರೆ ಸಾಲ ಇಲ್ಲದಿದ್ದರೆ ಆ ಮನೆಯವರಿಗೇ ಕೊಡಬೇಕು. ಮನೆ 18 ಲಕ್ಷಕ್ಕೆ ಹೋಗಿದ್ದರೆ ಅವರ ಕೈಗೆ 9 ಲಕ್ಷ ಬರುತ್ತಿತ್ತು. ನಿಮಗೆ ಉಳಿತಾಯವಾದ 5 ಲಕ್ಷ ಬಂದದ್ದು ಅವರಿಂದ, ಬ್ಯಾಂಕಿನಿಂದಲ್ಲ. ಇನ್ನೊಂದು ರೀತಿ ನೋಡಿ. ಬಾಕಿ 16 ಲಕ್ಷ ಇದ್ದು ಮನೆ 13 ಲಕ್ಷಕ್ಕೆ ಹೋದರೆ ಉಳಿದ 3 ಲಕ್ಷದ ಸಾಲ, ಮನೆ ಕಳೆದುಕೊಂಡ ಮೇಲೂ, ಅವರ ತಲೆಯ ಮೇಲೆಯೇ ಇರುತ್ತದೆ. ಬ್ಯಾಂಕು ಅದನ್ನು ಬಿಟ್ಟುಕೊಟ್ಟರೆ ಬೇರೆ ಮಾತು. ಹೀಗೆ ಹೆಚ್ಚಿನ ಪಾಲು ಸಂದರ್ಭಗಳಲ್ಲಿ ಅಗ್ಗದ ಬೆಲೆಯ ಹೊರೆ ಬೀಳುವುದು ಮನೆ ಬಿಟ್ಟು ಹೋಗುವವರ ಮೇಲೆ. ನಡುವೆ ಬ್ಯಾಂಕು ನಿಂತಿರುವುದರಿಂದ ಅವರ ಮುಖ ನಮಗೆ ಕಾಣಿಸುವುದಿಲ್ಲ, ಅಷ್ಟೇ.

ಸೆಮಿನರಿಯಲ್ಲಿ ಓದಿದ ಸಂತ ತೋಮಸ್ ಅಕ್ವಿನಾಸರು ಇಂಥಲ್ಲಿ ನೆರವಿಗೆ ಬರುತ್ತಾರೆ. ಕೊಡುಕೊಳ್ಳುವಿಕೆಯ ನ್ಯಾಯವನ್ನು ಕುರಿತು ಬರೆಯುವಾಗ ಅವರು ಒಂದು ಸೂಕ್ಷ್ಮ ಭೇದ ಮಾಡುತ್ತಾರೆ. ವಸ್ತುವನ್ನು ಬಿಟ್ಟುಕೊಡುವುದರಿಂದ ಮಾರುವವನಿಗೆ ವಿಶೇಷ ನಷ್ಟವಾಗುವುದಾದರೆ ಆ ನಷ್ಟವನ್ನು ಬೆಲೆಯಲ್ಲಿ ಸೇರಿಸಬಹುದು, ಏಕೆಂದರೆ ಆ ನಷ್ಟ ಅವನದು. ಕೊಳ್ಳುವವನಿಗೆ ಅದು ತುಂಬಾ ಅಗತ್ಯವಾಗಿದೆ ಎಂಬ ಒಂದೇ ಕಾರಣಕ್ಕೆ ಬೆಲೆ ಏರಿಸುವಂತಿಲ್ಲ, ಏಕೆಂದರೆ ಆ ಅಗತ್ಯ ಇನ್ನೊಬ್ಬನದು. ತನ್ನದಲ್ಲದ್ದನ್ನು ಮಾರಲು ಬರುವುದಿಲ್ಲ. ಇದನ್ನು ಕೊಳ್ಳುವವನ ಕಡೆಗೆ ತಿರುಗಿಸಿ ನೋಡಿ. ಲಿಲಾವಿನ ಮನೆ ಕೊಳ್ಳುವವನಿಗೆ ನಿಜವಾದ ತೊಂದರೆಗಳಿವೆ. "ಇದ್ದಲ್ಲಿ ಇದ್ದ ಹಾಗೆ" ಎಂದು ಮಾರುತ್ತಾರೆ, ಹಳೆಯ ತೆರಿಗೆ ಬಾಕಿ ಇರಬಹುದು, ಕೋರ್ಟಿನ ತಡೆಯಾಜ್ಞೆ ಬರಬಹುದು, ಮನೆ ಕೈಗೆ ಸಿಗಲು ವರ್ಷ ಹಿಡಿಯಬಹುದು, ಹದಿನೈದು ದಿನದಲ್ಲಿ ಪೂರ್ತಿ ಹಣ ಹೊಂದಿಸಬೇಕು. ಈ ತೊಂದರೆ ಕೊಳ್ಳುವವನದು. ಅದರ ಬೆಲೆಯನ್ನು ಅವನು ಕಳೆದುಕೊಳ್ಳಲಿ, ಅದು ನ್ಯಾಯ. ಆದರೆ ಮನೆಯವರಿಗೆ ಓದಲು ಬಾರದು, ಅವರ ಪರ ಮಾತಾಡುವವರಿಲ್ಲ, ನಾಚಿಕೆಯಿಂದ ಯಾರಿಗೂ ಹೇಳಿಕೊಂಡಿಲ್ಲ ಎಂಬ ಕಾರಣಕ್ಕೆ ಇಳಿದ ಬೆಲೆ? ಆ ಸಂಕಟ ಅವರದು. ಅದರಿಂದ ನಾವು ಗಳಿಸುವಂತಿಲ್ಲ. 1891ರಲ್ಲಿ ಕಾರ್ಮಿಕರ ಸ್ಥಿತಿಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು, ಇನ್ನೊಬ್ಬರ ಕೊರತೆಯನ್ನೇ ಲಾಭದ ಮೂಲ ಮಾಡಿಕೊಳ್ಳುವುದನ್ನು ದೇವರ ಕಾನೂನೂ ಮನುಷ್ಯರ ಕಾನೂನೂ ಖಂಡಿಸುತ್ತವೆ ಎಂಬ ಅರ್ಥದ ಮಾತು ಹೇಳಿದ್ದಾರೆ. 1992ರ ಧರ್ಮೋಪದೇಶ ಗ್ರಂಥ ಕೂಡ ಏಳನೆಯ ಆಜ್ಞೆಯನ್ನು ವಿವರಿಸುವಾಗ, ಪರರ ಅಜ್ಞಾನವನ್ನೋ ಕಷ್ಟವನ್ನೋ ಬಳಸಿಕೊಂಡು ಬೆಲೆಯಲ್ಲಿ ಆಟವಾಡುವುದನ್ನು ಕಳ್ಳತನದ ಸಾಲಿನಲ್ಲೇ ಇಡುತ್ತದೆ.

ಇದನ್ನು ಓದಿ ಕೆಲವರು, "ಹಾಗಾದರೆ ಬೇಡಪ್ಪಾ, ನಾನು ಆ ಕಡೆ ತಲೆ ಹಾಕೋದೇ ಇಲ್ಲ" ಎನ್ನಬಹುದು. ನಿಲ್ಲಿ. ದೂರ ನಿಂತರೆ ಕೈ ಶುದ್ಧವಾಗುತ್ತದೆಯೇ? ದೇವಭೀತಿಯುಳ್ಳವರೆಲ್ಲ ದೂರ ಉಳಿದರೆ ಸವಾಲು ಕೂಗುವವರು ಕಡಿಮೆಯಾಗಿ ಬೆಲೆ ಇನ್ನೂ ಬೀಳುತ್ತದೆ. ಅದರ ಏಟೂ ಆ ಮನೆಯವರಿಗೇ. ಪ್ರಾಮಾಣಿಕನೊಬ್ಬ ಬಂದು ಸರಿಯಾದ ಬೆಲೆ ಕೂಗಿದರೆ ಅದು ಅವರಿಗೆ ಉಪಕಾರ. ಅದಕ್ಕೆ ವಿರುದ್ಧವಾದದ್ದು, ಕೊಳ್ಳುವವರು ಮೊದಲೇ ಮಾತಾಡಿಕೊಂಡು "ಈ ಸಲ ನೀ ತಗೋ, ಮುಂದಿನದು ನನಗ ಬಿಡು" ಎಂದು ಒಳಒಪ್ಪಂದ ಮಾಡಿಕೊಳ್ಳುವುದು. ಇದು ವ್ಯಾಪಾರದ ಜಾಣತನವಲ್ಲ, ಹಗಲು ದರೋಡೆ. ಪಾಪನಿವೇದನೆಗೆ ತರಬೇಕಾದ ವಿಷಯ.

ಇನ್ನು ಪವಿತ್ರ ಗ್ರಂಥಕ್ಕೆ ಬರೋಣ. ಮನೆ ಮಾರಾಟದ ಬಗ್ಗೆ ಅದರಲ್ಲಿ ನಾವು ಎಣಿಸುವುದಕ್ಕಿಂತ ಹೆಚ್ಚು ಇದೆ. ಯಾಜಕಕಾಂಡದ 25ನೇ ಅಧ್ಯಾಯದಲ್ಲಿ, ಬಡತನದಿಂದ ಒಬ್ಬ ತನ್ನ ಆಸ್ತಿ ಮಾರಿದರೆ ಅವನ ಹತ್ತಿರದ ಬಂಧು ಬಂದು ಅದನ್ನು ಬಿಡಿಸಿಕೊಳ್ಳಬೇಕೆಂಬ ವಿಧಿ ಇದೆ. ಕೋಟೆಯುಳ್ಳ ಪಟ್ಟಣದ ಮನೆಯಾದರೆ ಮಾರಿದವನಿಗೆ ಬಿಡಿಸಿಕೊಳ್ಳಲು ಪೂರ್ತಿ ಒಂದು ವರ್ಷದ ಕಾಲಾವಕಾಶ. ಹಳ್ಳಿಯ ಮನೆಯಾದರೆ ಹೊಲದಂತೆಯೇ ಲೆಕ್ಕ. ಯಾವಾಗ ಬೇಕಾದರೂ ಬಿಡಿಸಿಕೊಳ್ಳಬಹುದು, ಜೂಬಿಲಿ ವರ್ಷದಲ್ಲಿ ತಾನಾಗಿಯೇ ಹಿಂದಿರುಗುತ್ತದೆ. 2025ನ್ನು ನಾವು ಜೂಬಿಲಿ ವರ್ಷವೆಂದು ಆಚರಿಸಿದೆವು, ಪವಿತ್ರ ದ್ವಾರದ ಮಾತೂ ಬಹಳ ಆಡಿದೆವು. ಮನೆಯ ದ್ವಾರದ ಮಾತು ಮಾತ್ರ ಅಷ್ಟಾಗಿ ಕೇಳಿಬರಲಿಲ್ಲ.

ಬಿಡಿಸಿಕೊಳ್ಳುವ ಆ ಬಂಧುವಿಗೆ ಇಬ್ರಿಯ ಭಾಷೆಯಲ್ಲಿ ಇರುವ ಪದವೇ ದೇವರಿಗೂ ಬಳಕೆಯಾಗಿ, ನಮ್ಮ ಬಾಯಲ್ಲಿ "ವಿಮೋಚಕ" ಎಂದಾಗಿದೆ. ವಿಮೋಚಕ ಎಂದು ನಾವು ಕರೆಯುವಾಗ ಅದರ ಬೇರಿನಲ್ಲಿರುವುದು ಹೊಲ-ಮನೆ ಬಿಡಿಸಿಕೊಡುವ ಅಣ್ಣ, ಕಾಕಾ. ಪ್ರವಾದಿ ಯೆರೆಮೀಯರ 32ನೇ ಅಧ್ಯಾಯ ಇದಕ್ಕೆ ಒಳ್ಳೆಯ ಉದಾಹರಣೆ. ಬಾಬಿಲೋನಿನ ಸೈನ್ಯ ಜೆರುಸಲೇಮನ್ನು ಮುತ್ತಿದೆ. ಆಸ್ತಿಗೆ ಬೆಲೆಯೇ ಇಲ್ಲದ ಕಾಲ. ಕಾಕಾನ ಮಗ ಬಂದು ಅನಾತೋತಿನ ಹೊಲವನ್ನು ಕೊಳ್ಳೆಂದು ಕೇಳುತ್ತಾನೆ. ಯೆರೆಮೀಯರು 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ, ಸಾಕ್ಷಿಗಳ ಮುಂದೆ ಕೊಡುತ್ತಾರೆ. ಪತ್ರವನ್ನು ಮಣ್ಣಿನ ಮಡಕೆಯಲ್ಲಿ ಜೋಪಾನ ಮಾಡಿಸುತ್ತಾರೆ. ಪುಕ್ಕಟೆ ಸಿಗುವ ಸಮಯವೆಂದು ಅವರು ಚೌಕಾಸಿ ಮಾಡಿದ್ದನ್ನು ಗ್ರಂಥ ಹೇಳುವುದಿಲ್ಲ. ಸಂಕಟದ ಕಾಲದಲ್ಲಿ ಕೊಂಡರು, ಆದರೆ ಬಂಧುವಾಗಿ ಕೊಂಡರು.

ಬಂಧುಗಳೇ ಕುತ್ತಿಗೆ ಹಿಡಿದ ಕಥೆಯೂ ಇದೆ. ನೆಹೆಮೀಯನ ಗ್ರಂಥದ 5ನೇ ಅಧ್ಯಾಯದಲ್ಲಿ ಬರಗಾಲಕ್ಕೆ ಕಾಳು ತರಲು, ರಾಜನ ತೆರಿಗೆ ಕಟ್ಟಲು ಜನ ಹೊಲ, ದ್ರಾಕ್ಷಿ ತೋಟ, ಮನೆ ಒತ್ತೆ ಇಟ್ಟಿದ್ದಾರೆ. ಒತ್ತೆ ಹಿಡಿದವರು ಹೊರಗಿನವರಲ್ಲ, ಸ್ವಜನರು. ನೆಹೆಮೀಯ ಕೋಪಗೊಂಡರೂ ಒಂದು ವಿಷಯ ಮುಚ್ಚಿಡುವುದಿಲ್ಲ: ತಾನೂ ತನ್ನ ಸಹೋದರರೂ ಸಾಲ ಕೊಟ್ಟವರೇ ಎನ್ನುತ್ತಾನೆ. ನಂತರ ಎಲ್ಲರಿಂದ ಮನೆ-ಹೊಲಗಳನ್ನು ಹಿಂದಕ್ಕೆ ಕೊಡಿಸುತ್ತಾನೆ. ಪ್ರಸಂಗವಶಾತ್ ಹೇಳಿಬಿಡುತ್ತೇನೆ, ಜಾಗ ಕೊಳ್ಳುವ ನಮ್ಮ ಧರ್ಮಸಭೆಯ ಸಂಸ್ಥೆಗಳಿಗೂ ಈ ಅಧ್ಯಾಯ ಓದುವ ಬಾಧ್ಯತೆ ಇದೆ.

ಹಾಗಾದರೆ ನಾನು ಹೇಳುವುದಿಷ್ಟು: ಗಿರಾಕಿಯಾಗುವ ಮೊದಲು ಬಂಧುವಾಗಬೇಕು. ಇದು ಭಾವುಕತೆಯ ಮಾತಲ್ಲ, ಇದಕ್ಕೆ ತಾರೀಖಿನ ಲೆಕ್ಕವಿದೆ. 2016ರ ತಿದ್ದುಪಡಿಯ ಪ್ರಕಾರ ಸಾಲಗಾರನು ಬಾಕಿಯನ್ನೆಲ್ಲ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು, ಲಿಲಾವಿನ ನೋಟಿಸ್ ಪ್ರಕಟವಾಗುವ ದಿನದವರೆಗೆ ಮಾತ್ರ. ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನೇ ಖಚಿತಪಡಿಸಿತು. ಬಹುತೇಕ ಮನೆಗಳಲ್ಲಿ ಇದು ತಿಳಿದಿಲ್ಲ. "ಲಿಲಾವಿಗೆ ಇನ್ನೂ ತಿಂಗಳು ಟೈಮ್ ಅದ, ಅಷ್ಟರಾಗ ಅಳಿಯ ರೊಕ್ಕ ಕಳಸ್ತಾನ" ಎಂದು ಕುಳಿತಿರುತ್ತಾರೆ. ಪತ್ರಿಕೆಯಲ್ಲಿ ನೋಟಿಸ್ ಬಂದ ಬೆಳಿಗ್ಗೆಯೇ ಆ ಹಕ್ಕು ಮುಗಿದಿರುತ್ತದೆ. ಅಂದರೆ ಬಂಧುವಾಗಲು ಇರುವ ಸಮಯ ಮೊದಲ ನೋಟಿಸಿನಿಂದ ಲಿಲಾವಿನ ನೋಟಿಸಿನ ತನಕ. ಪಕ್ಕದ ಮನೆಯ ಬಾಗಿಲಿಗೆ ಕಾಗದ ಅಂಟಿಸಿದ್ದನ್ನು ನೀವು ನೋಡಿರುತ್ತೀರಿ. ಆಗ ಹೋಗಿ ಏನು ಹೇಳಬಹುದು? ಬ್ಯಾಂಕಿಗೆ ಹೋಗಿ ಏಕಕಾಲದ ತೀರುವಳಿಗೆ ಲಿಖಿತ ಅರ್ಜಿ ಕೊಡಿ, ಮನೆಯನ್ನು ಬ್ಯಾಂಕಿನ ಒಪ್ಪಿಗೆಯಿಂದ ನೀವೇ ಒಳ್ಳೆಯ ಬೆಲೆಗೆ ಮಾರಲು ಆಗುತ್ತದೆಯೇ ಕೇಳಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ವಕೀಲರು ಸಿಗುತ್ತಾರೆ, ಹೆಣ್ಣುಮಕ್ಕಳಿಗೆ ಮತ್ತು ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಆ ಹಕ್ಕಿದೆ. ಬ್ಯಾಂಕಿನ ಕ್ರಮದಲ್ಲಿ ತಪ್ಪಿದ್ದರೆ 45 ದಿನಗಳಲ್ಲಿ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅದು ಇರುವುದು ಬೆಂಗಳೂರಿನಲ್ಲಿ. ಚಿಂಚೋಳಿಯ ಒಬ್ಬ ಟೇಲರ್ ಐನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ನ್ಯಾಯ ಕೇಳಬೇಕು. ಜೊತೆಗೊಬ್ಬರು ಬೇಕಲ್ಲವೇ?

ಇಲ್ಲಿ ವಾದ ಬಲ್ಲವರು ಅಕ್ವಿನಾಸರನ್ನೇ ನನ್ನ ವಿರುದ್ಧ ತರಬಹುದು. ಬರಗಾಲದ ಊರಿಗೆ ಗೋಧಿ ತಂದ ವರ್ತಕನಿಗೆ, ಹಿಂದಿನಿಂದ ಇನ್ನೂ ಗೋಧಿ ಬರುತ್ತಿದೆಯೆಂದು ಗೊತ್ತು. ಹೇಳದೆ ಇಂದಿನ ಬೆಲೆಗೆ ಮಾರಿದರೆ ಕಟ್ಟುನಿಟ್ಟಾದ ನ್ಯಾಯದ ದೃಷ್ಟಿಯಲ್ಲಿ ತಪ್ಪಿಲ್ಲ, ಹೇಳಿದರೆ ಹೆಚ್ಚಿನ ಸದ್ಗುಣ ಎಂದು ಸಂತರು ಬರೆದಿದ್ದಾರೆ. ಹಾಗೆಯೇ ನಾನೇಕೆ ಅವರಿಗೆ ಅವರ ಹಕ್ಕು ತಿಳಿಸಬೇಕು? ನನ್ನ ಅಭಿಪ್ರಾಯದಲ್ಲಿ ಎರಡೂ ಒಂದೇ ಅಲ್ಲ. ಗೋಧಿಯ ಬೆಲೆ ನಾಳೆಯದು, ಇನ್ನೂ ಆಗದೆ ಇರುವಂಥದು. ಮನೆಯವರ ಹಕ್ಕು ಇಂದಿನದು, ಅವರ ಕೈಯಲ್ಲೇ ಇರುವಂಥದು. ಅವರಿಗದು ಕಾಣುತ್ತಿಲ್ಲ ಮಾತ್ರ. ಕುರುಡನ ಜೇಬಿನಿಂದ ಬಿದ್ದ ನೋಟನ್ನು ಎತ್ತಿಕೊಳ್ಳುವ ಮೊದಲು ಮೌನವಾಗಿರುವುದನ್ನು ವ್ಯಾಪಾರವೆನ್ನಲು ಬರುವುದಿಲ್ಲ.

ಲಿಲಾವಿಗೂ ಮೊದಲೇ ಮನೆ ಬಾಗಿಲಿಗೆ ಬರುವ "ಸಹಾಯಕ"ರ ಬಗ್ಗೆ ಎರಡು ಮಾತು. "ನಿಮ್ಮ ಸಾಲ ನಾ ತೀರಸ್ತೀನಿ ಕಾಕಾ, ಮನಿ ನನ್ನ ಹೆಸರಿಗೆ ಮಾಡ್ರಿ, ರೊಕ್ಕ ಬಂದಾಗ ತಿರುಗಿ ಬರ್ಕೊಡ್ತೀನಿ." ತಿರುಗಿ ಬರೆದುಕೊಡುವ ಮಾತು ಬಾಯಲ್ಲೇ ಉಳಿಯುತ್ತದೆ, ಕಾಗದಕ್ಕೆ ಬರುವುದಿಲ್ಲ. ಲಿಲಾವಿನಲ್ಲಾದರೂ ಮೀಸಲು ಬೆಲೆ ಇದೆ, ನೋಟಿಸ್ ಇದೆ, ಎದುರು ಸವಾಲು ಇದೆ. ಇಲ್ಲಿ ಯಾವುದೂ ಇಲ್ಲ. ಹೆದರಿದ ಮನುಷ್ಯ ಒಬ್ಬ, ಹಣವುಳ್ಳವನೊಬ್ಬ, ನಡುವೆ ಒಬ್ಬ ದಲ್ಲಾಳಿ. ನಿಜವಾಗಿ ನೆರವಾಗಬೇಕೆಂದಿದ್ದರೆ ಬೆಲೆಯನ್ನೂ ತಿರುಗಿ ಕೊಡುವ ಕರಾರನ್ನೂ ಅದೇ ಪತ್ರದಲ್ಲಿ ಬರೆಸಿ ನೋಂದಣಿ ಮಾಡಿಸಲಿ. ಮುಕ್ತ್ಯಾರ್ ಪತ್ರದ ಮೇಲೆ ನಡೆಯುವ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಇಂಥ ವ್ಯವಹಾರದಲ್ಲಿ ಸಹಿ ಹಾಕುವ ಮೊದಲು ಮನೆಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಓದಿಸಿ. ಬಹಳ ಮನೆಗಳಲ್ಲಿ ಗಂಡಸು ಅವಮಾನಕ್ಕೆ ಅಂಜಿ ಹೆಂಡತಿಗೂ ಹೇಳಿರುವುದಿಲ್ಲ.

ಇನ್ನು, ಎಲ್ಲ ಪ್ರಯತ್ನವೂ ಮುಗಿದು ಮನೆ ಲಿಲಾವಿಗೆ ಬಂದೇ ಬಂತು, ನೀವು ಸರಿಯಾದ ಬೆಲೆ ಕೂಗಿ ಕೊಂಡಿರಿ ಎನ್ನೋಣ. ಆಮೇಲೆ? ಕಾಯಿದೆ ಜಿಲ್ಲಾಧಿಕಾರಿಗಳ ನೆರವಿನಿಂದ ಮನೆ ಖಾಲಿ ಮಾಡಿಸಲು ಅವಕಾಶ ಕೊಡುತ್ತದೆ. ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಮಾತ್ರ, ಒತ್ತೆಯನ್ನು ತರಲು ಸಾಲ ಕೊಟ್ಟವನು ಮನೆಯೊಳಗೆ ಕಾಲಿಡಬಾರದು, ಹೊರಗೆ ನಿಲ್ಲಬೇಕು, ಸಾಲಗಾರನೇ ಅದನ್ನು ಹೊರಗೆ ತರಲಿ ಎನ್ನುತ್ತದೆ. ಸಾಲವನ್ನು ಅದು ಅಳಿಸುವುದಿಲ್ಲ, ಮನುಷ್ಯನ ಮಾನವನ್ನು ಉಳಿಸುತ್ತದೆ. ಮಕ್ಕಳ ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಬಿಡಿ. ಬಾಡಿಗೆಗೆ ಅವರನ್ನೇ ಇಟ್ಟುಕೊಳ್ಳಲು ಸಾಧ್ಯವೇ ನೋಡಿ. ಮನೆ ಬಿಡುವ ದಿನ ಪಾತ್ರೆ-ಹಾಸಿಗೆ ಬೀದಿಗೆ ಬೀಳದಂತೆ, ಕತ್ತಲಾದ ಮೇಲೆ ಗಾಡಿ ತರಿಸಿ. ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ ಇದ್ದ ಜಾಗದಲ್ಲಿ ಸುಣ್ಣದ ಬಣ್ಣ ಬೇರೆಯಾಗಿ ಕಾಣುತ್ತದೆ. ಹೊಸ ಮನೆಯ ಆಶೀರ್ವಾದಕ್ಕೆಂದು ಗುರುಗಳನ್ನು ಕರೆದಾಗ, ಅದೇ ಗೋಡೆಗೆ ಹಿಂದೊಮ್ಮೆ ತೀರ್ಥ ಪ್ರೋಕ್ಷಿಸಿದವರೂ ಗುರುಗಳೇ ಆಗಿರುತ್ತಾರೆ. ನಾವು ಬರುತ್ತೇವೆ. ಆದರೆ ಹಳೆಯವರು ಈಗ ಎಲ್ಲಿದ್ದಾರೆಂದು ಕೇಳಿಯೇ ಕೇಳುತ್ತೇವೆ.

ಕೊನೆಯದಾಗಿ, ಈಗಾಗಲೇ ಕೊಂಡಿರುವವರಿಂದ ಬರುವ ಪ್ರಶ್ನೆ: "ನನಗಿದೆಲ್ಲ ಆಗ ಗೊತ್ತಿರಲಿಲ್ಲ, ಈಗೇನು ಮಾಡಲಿ?" ಮನೆಯನ್ನು ಹಿಂದಕ್ಕೆ ಕೊಡಬೇಕೆಂದು ನಾನು ಹೇಳುವುದಿಲ್ಲ. ಒಳಒಪ್ಪಂದವೋ ಮೋಸವೋ ನಡೆದಿದ್ದರೆ ಬೇರೆ, ಆಗ ನಷ್ಟ ತುಂಬಿಕೊಡಲೇಬೇಕು. ಹಾಗಿಲ್ಲದಿದ್ದರೆ ಒಂದು ಕೆಲಸವಿದೆ, ಅದನ್ನು ನಿಮ್ಮಷ್ಟು ಸುಲಭವಾಗಿ ಬೇರೆಯವರು ಮಾಡಲಾರರು. ಬ್ಯಾಂಕು ನಿಮಗೆ ಕೊಟ್ಟ ಮಾರಾಟ ಪ್ರಮಾಣಪತ್ರದಲ್ಲಿ ಮನೆ ಎಷ್ಟಕ್ಕೆ ಹೋಯಿತೆಂದು ಬರೆದಿರುತ್ತದೆ. ಮನೆ ಕಳೆದುಕೊಂಡವರ ಹತ್ತಿರ ಆ ಕಾಗದ ಇರುವುದಿಲ್ಲ. ಎರಡು ಓಣಿ ಆಚೆ ಬಾಡಿಗೆ ಕೋಣೆಯಲ್ಲಿರುವ ಅವರಿಗೆ, ಸಾಲ ತೀರಿ ಹಣ ಮಿಕ್ಕಿದೆಯೋ ಇಲ್ಲವೋ ಎಂಬುದೇ ತಿಳಿದಿರಲಿಕ್ಕಿಲ್ಲ. ಆ ಪತ್ರದ ಒಂದು ಜೆರಾಕ್ಸ್ ಪ್ರತಿ ತೆಗೆದುಕೊಂಡು ಅವರಲ್ಲಿಗೆ ಹೋಗಿ. ಅವರ ಜೊತೆ ಬ್ಯಾಂಕಿಗೆ ನಡೆದು, ಲೆಕ್ಕದ ಪಟ್ಟಿ ಕೊಡಿ ಎಂದು ಲಿಖಿತವಾಗಿ ಕೇಳಿ. ಮಿಕ್ಕ ಹಣ ಇದ್ದರೆ ಅದು ಅವರದು.